ಅಶ್ವತ್ಥಾಮನ ಒಂದು ರಾತ್ರಿ, ಹಲವು ಮುಖ

ಕೊಡಿಗೇಹಳ್ಳಿ, ಯಲಹಂಕ ದಾಟಿ ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆಗೆ ಹೋದರೆ ಇವತ್ತಿಗೂ ‘ಕುರುಕ್ಷೇತ್ರ’ ನಾಟಕದ ಬ್ಯಾನರ್ ಕಣ್ಣಿಗೆ ಬೀಳುತ್ತದೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಪ್ರಾಕ್ಟೀಸ್ ಮಾಡಿಸಿರುತ್ತಾರೆ, ಪಾತ್ರ ಹಿಡಿದವರೇ ಕೈಯಿಂದ ದುಡ್ಡು ಹಾಕಿರುತ್ತಾರೆ. ಪೈಪೋಟಿಯೆಲ್ಲ ಕೃಷ್ಣ, ದುರ್ಯೋಧನ, ಭೀಮ, ಕರ್ಣನಿಗೆ. ದ್ರೋಣನ ಮಗ ಅಶ್ವತ್ಥಾಮನಿಗೆ ಯಾರೂ ಅಷ್ಟಾಗಿ ಮುಗಿಬೀಳುವುದಿಲ್ಲ. ಬೆಳಗಿನ ಜಾವಕ್ಕೆ ಗದಾಯುದ್ಧ ಮುಗಿಯಿತೆಂದರೆ ಸಾಮಾನ್ಯವಾಗಿ ಮಂಗಳ ಹಾಡುವ ಹೊತ್ತು. ಅವನ ಕಥೆ ಶುರುವಾಗುವುದೇ ಅಲ್ಲಿಂದ.

ವ್ಯಾಸಭಾರತದ ಸೌಪ್ತಿಕ ಪರ್ವದಲ್ಲಿ ಆ ರಾತ್ರಿಯ ವಿವರ ಮೈ ನಡುಗಿಸುವಂತಿದೆ. ಸೋತು ಓಡಿಬಂದ ಕೌರವರ ಕಡೆಯ ಮೂವರು ಆಲದ ಮರದಡಿ ಮಲಗಿದ್ದಾರೆ. ಕೃಪ, ಕೃತವರ್ಮರಿಗೆ ನಿದ್ದೆ, ಅಶ್ವತ್ಥಾಮನಿಗೆ ಇಲ್ಲ. ಮಲಗಿದ ಕಾಗೆಗಳ ಮೇಲೆ ಗೂಬೆಯೊಂದು ಎರಗಿ ಕೊಲ್ಲುವುದನ್ನು ನೋಡುತ್ತಾನೆ. ಉಪಾಯ ಹೊಳೆಯುತ್ತದೆ. ಕೃಪ ಎಷ್ಟು ಬುದ್ಧಿ ಹೇಳಿದರೂ ಕೇಳದೆ ಪಾಂಡವರ ಪಾಳೆಯಕ್ಕೆ ನುಗ್ಗುತ್ತಾನೆ. ಧೃಷ್ಟದ್ಯುಮ್ನ ‘ಆಯುಧದಿಂದಲಾದರೂ ಕೊಲ್ಲು’ ಎಂದು ಬೇಡಿಕೊಂಡರೂ ಬಿಡದೆ ಒದ್ದು ಒದ್ದೇ ಸಾಯಿಸುತ್ತಾನೆ. ದ್ರೌಪದಿಯ ಐವರು ಮಕ್ಕಳೂ ಉಳಿಯುವುದಿಲ್ಲ.

ಇದು ದ್ರೋಹವೇ, ಅನುಮಾನವಿಲ್ಲ. ಆದರೆ ಆಯುಧ ಕೆಳಗಿಟ್ಟು ಕೂತ ದ್ರೋಣನ ತಲೆ ಕಡಿದವನು ಇದೇ ಧೃಷ್ಟದ್ಯುಮ್ನ. ಮಗ ಸತ್ತನೆಂದು ದ್ರೋಣನನ್ನು ನಂಬಿಸಲು ಭೀಮ ಕೊಂದ ಆನೆಯ ಹೆಸರೂ ಅಶ್ವತ್ಥಾಮನೇ. ತನ್ನ ಹೆಸರಿನ ಸುಳ್ಳಿನಿಂದಲೇ ತಂದೆಯನ್ನು ಕಳೆದುಕೊಂಡವನ ಸಿಟ್ಟು ಅದು. ಮುಂದೆ ಬಂದ ಕವಿಗಳೆಲ್ಲ ಕೈಯಾಡಿಸಿದ್ದು ಈ ಎರಡು ಸಂಗತಿಗಳ ನಡುವಿನ ಜಾಗದಲ್ಲಿ.

ಈ ಹೆಸರಿಗೆ ಒಂದು ಕಾಲದಲ್ಲಿ ಕಳಂಕವೇ ಇರಲಿಲ್ಲವೇನೋ ಅನ್ನಿಸುತ್ತದೆ. ಕಂಚಿಯ ಪಲ್ಲವರು ತಮ್ಮ ತಾಮ್ರಶಾಸನಗಳಲ್ಲಿ ಭರದ್ವಾಜ, ದ್ರೋಣ, ಅಶ್ವತ್ಥಾಮ, ಅವನ ಮಗ ಪಲ್ಲವ ಎಂದು ವಂಶಾವಳಿ ಬರೆಸಿಕೊಂಡರು.

ಕನ್ನಡದಲ್ಲಿ ಅಶ್ವತ್ಥಾಮನ ಬೆಲೆ ಇಳಿದದ್ದು ದುರ್ಯೋಧನನಿಂದ. ವ್ಯಾಸರಲ್ಲಿ ಸಾಯುತ್ತಿರುವ ದುರ್ಯೋಧನ ಸುದ್ದಿ ಕೇಳಿ ಹಿಗ್ಗುತ್ತಾನೆ: ಭೀಷ್ಮ, ಕರ್ಣ, ನಿನ್ನಪ್ಪ ಯಾರೂ ಮಾಡದ್ದನ್ನು ನೀನು ಮಾಡಿದೆ ಎನ್ನುತ್ತಾನೆ. ಭಾಗವತದಲ್ಲಿ ಮಕ್ಕಳ ತಲೆಗಳನ್ನು ಕಂಡು ಅವನಿಗೆ ಹಿಡಿಸುವುದಿಲ್ಲ. 941ರಲ್ಲಿ ಮುಗಿದ ‘ವಿಕ್ರಮಾರ್ಜುನ ವಿಜಯ’ದಲ್ಲಿ ಪಂಪನೂ ಇದೇ ದಾರಿ ಹಿಡಿದ. ಪಾಂಡವರ ತಲೆಗಳೆಂದು ಅಶ್ವತ್ಥಾಮ ತಂದೊಪ್ಪಿಸಿದ್ದನ್ನು ದುರ್ಯೋಧನ ದಿಟ್ಟಿಸಿ ನೋಡಿ, ಇವು ಎಳೆಯರ ಮುಖಗಳೆಂದು ಗುರುತಿಸಿ ನೋಯುತ್ತಾನೆ. ತೊಡೆ ಮುರಿದು ಬಿದ್ದವನು ಒಂದೇ ನೋಟದಲ್ಲಿ ದೊಡ್ಡವನಾದ. ಅವನಿಗಾಗಿ ಕೊಂದವನು ಸಣ್ಣವನಾದ. ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನನ ಛಲ ಇನ್ನಷ್ಟು ಎತ್ತರಕ್ಕೇರಿತು. ನಮ್ಮ ಹಳ್ಳಿಯ ರಂಗದಲ್ಲಿ ಅವನಿಗೆ ಬೀಳುವ ಶಿಳ್ಳೆಗೆ ಈ ಕವಿಗಳ ಋಣವೂ ಇದ್ದೀತು.

ಲೆಕ್ಕ ತಲೆಕೆಳಗಾದದ್ದು 1929ರಲ್ಲಿ. ಬಿ.ಎಂ. ಶ್ರೀಕಂಠಯ್ಯ ‘ಅಶ್ವತ್ಥಾಮನ್’ ನಾಟಕ ಬರೆದರು. ಮಾದರಿ ಗ್ರೀಕ್ ಕವಿ ಸೋಫೊಕ್ಲೀಸನ ‘ಅಯಾಸ್’. ಅಲ್ಲಿ ಅವಮಾನಗೊಂಡ ವೀರ ತನ್ನವರನ್ನೇ ರಾತ್ರಿ ಕೊಲ್ಲಹೊರಟು, ದೇವತೆ ಹಿಡಿಸಿದ ಹುಚ್ಚಿನಲ್ಲಿ ದನಕುರಿಗಳನ್ನು ಕಡಿದು, ಎಚ್ಚರವಾದಾಗ ನಾಚಿ ಕತ್ತಿಯ ಮೇಲೆ ಬಿದ್ದು ಸಾಯುತ್ತಾನೆ. ಬಿಎಂಶ್ರೀ ಆ ಅಚ್ಚಿಗೆ ದ್ರೋಣಪುತ್ರನನ್ನು ಎರಕ ಹೊಯ್ದರು. ಹಳಗನ್ನಡ, ಗ್ರೀಕ್ ರೀತಿಯ ಮೇಳ, ಜೊತೆಗೆ ಹೆಂಡತಿ ಭಾರ್ಗವಿ; ಮೂಲದ ತಮ್ಮನ ಜಾಗದಲ್ಲಿ ಏಕಲವ್ಯ. ಗದರಿಸಲು ಇಲ್ಲಿ ದುರ್ಯೋಧನ ಬೇಕಾಗಿಲ್ಲ, ಅಶ್ವತ್ಥಾಮನ ಮನಸ್ಸೇ ಅವನಿಗೆ ಶತ್ರು. ಕೊನೆಗೆ ಅವನು ತನ್ನ ಕೈಯಾರೆ ಸಾಯುತ್ತಾನೆ. ಏಳು ಚಿರಂಜೀವಿಗಳಲ್ಲಿ ಮೊದಲ ಹೆಸರನ್ನೇ ಕೊಂದರೆ ಸಂಪ್ರದಾಯಸ್ಥರು ಸುಮ್ಮನಿರುತ್ತಾರೆಯೇ? ಆಕ್ಷೇಪ ಬಂತು. ಆದರೂ ಕನ್ನಡದಲ್ಲಿ ಅಶ್ವತ್ಥಾಮ ನಾಯಕನ ಪಟ್ಟಕ್ಕೇರಿದ್ದು ಈ ಧೈರ್ಯದಿಂದಲೇ.

ಭೈರಪ್ಪನವರ ಕಾದಂಬರಿ ‘ಪರ್ವ’ (1979) ವರ, ಶಾಪ, ದಿವ್ಯಾಸ್ತ್ರಗಳ ಹಂಗನ್ನೇ ಬಿಟ್ಟು ಎಲ್ಲರನ್ನೂ ಮನುಷ್ಯರ ಮಟ್ಟಕ್ಕೆ ತಂದಿತು. ಸಿನಿಮಾ ಅಶ್ವತ್ಥಾಮನಿಗೆ ಕೃಷ್ಣನ ಶಾಪವನ್ನು ವಾಪಸ್ ಕೊಟ್ಟಿದೆ. 2024ರ ‘ಕಲ್ಕಿ 2898 ಎಡಿ’ಯಲ್ಲಿ ಅಮಿತಾಭ್ ಬಚ್ಚನ್ ಅಶ್ವತ್ಥಾಮ. ಪಾಂಡವರ ಸೊಸೆ ಉತ್ತರೆಯ ಗರ್ಭಕ್ಕೆ ಅಸ್ತ್ರ ಬಿಟ್ಟವನು ಇಲ್ಲಿ ಕಲ್ಕಿಯನ್ನು ಹೊತ್ತ ಬಸುರಿಯನ್ನು ಕಾಯುವ ಕಾವಲುಗಾರ. ವ್ಯಾಸರ ಕೃಷ್ಣ ವಿಧಿಸಿದ್ದು 3000 ವರ್ಷದ ಅಲೆದಾಟ. ಸಿನಿಮಾದ ಕಥೆ ನಡೆಯುವುದು ಯುದ್ಧವಾಗಿ 6000 ವರ್ಷಕ್ಕೆ. ಶಿಕ್ಷೆ ಮುಗಿದ ಮೇಲೂ ಅವನನ್ನು ದುಪ್ಪಟ್ಟು ದುಡಿಸಿಕೊಂಡಿದ್ದಾರೆ.