ಲೂಟಿಯಾದ ದೀಪ

ರೋಮ್‌ಗೆ ಹೋದವರೆಲ್ಲ ಕೊಲೊಸಿಯಂ ಮುಂದೆ ನಿಂತು ಫೋಟೊ ತೆಗೆಸಿಕೊಳ್ತಾರೆ. ನಾನೂ ತೆಗೆಸಿಕೊಂಡೆ. ಅಲ್ಲಿಂದ ಸ್ವಲ್ಪವೇ ದೂರದಲ್ಲಿ ಟೈಟಸ್ ಚಕ್ರವರ್ತಿಯ ಹೆಸರಿನ ಕಲ್ಲಿನ ಕಮಾನಿದೆ. ಸುಮಾರು 15 ಮೀಟರ್ ಎತ್ತರ. ನೆರಳು ಹುಡುಕಿಕೊಂಡು ಹತ್ತಿರ ಹೋದವಳು ಒಳಗೋಡೆಯ ಕೆತ್ತನೆ ನೋಡಿ ನಿಂತುಬಿಟ್ಟೆ. ತಲೆಗೆ ಎಲೆಯ ಕಿರೀಟ ತೊಟ್ಟ ಗಂಡಸರು ದೊಡ್ಡದೊಂದು ದೀಪವನ್ನು ಹೆಗಲ ಮೇಲೆ ಹೊತ್ತು ನಡೆಯುತ್ತಿದ್ದಾರೆ. ನಮ್ಮ ಕಡೆ ಉತ್ಸವದಲ್ಲಿ ಪಲ್ಲಕ್ಕಿ ಹೊರ್ತಾರಲ್ಲ, ಥೇಟ್ ಹಾಗೆ. ಆದರೆ ಅವರು ಹೊತ್ತಿರುವುದು ಲೂಟಿ ಮಾಲು.

ಆ ದೀಪದ ಹೆಸರು ಮೆನೋರಾ. ಅಲ್ಲಿಯವರೆಗೆ ನಾನು ಮೆನೋರಾ ಅಂದ್ರೆ ಇಂಗ್ಲಿಷ್ ಸಿನಿಮಾಗಳಲ್ಲಿ ಡಿಸೆಂಬರ್ ಹೊತ್ತಿಗೆ ಕಿಟಕಿಯಲ್ಲಿ ಇಟ್ಟಿರುವ ದೀಪ ಅಂದ್ಕೊಂಡಿದ್ದೆ. ಅದು ಹನುಕ್ಕಾ ಹಬ್ಬದ್ದು. ಎಂಟು ದಿನಕ್ಕೆ ಎಂಟು, ಅವನ್ನು ಹಚ್ಚೋಕೆ ಇನ್ನೊಂದು, ಒಟ್ಟು ಒಂಬತ್ತು. ಕಮಾನಿನ ಮೇಲಿನದಕ್ಕೆ ಏಳೇ ಕವಲು. ಅದು ಜೆರುಸಲೇಮಿನ ದೇವಾಲಯದ ದೀಪ. ಬೈಬಲಿನ ವಿಮೋಚನಕಾಂಡದಲ್ಲಿ ಅದನ್ನು ಮಾಡುವ ಬಗೆಯನ್ನು ಅಕ್ಕಸಾಲಿಗನಿಗೆ ಹೇಳುವ ಹಾಗೆ ಹೇಳಿದೆ: ಅಪ್ಪಟ ಬಂಗಾರವಾಗಿರಬೇಕು, ಒಂದೇ ಗಟ್ಟಿಯನ್ನು ಬಡಿದು ಮಾಡಬೇಕು, ಕವಲುಗಳಲ್ಲಿ ಬಾದಾಮಿ ಹೂವಿನ ಆಕಾರ ಇರಬೇಕು.

ಕ್ರಿ.ಶ. 66ರಲ್ಲಿ ಯಹೂದಿಗಳು ರೋಮನ್ನರ ವಿರುದ್ಧ ದಂಗೆ ಎದ್ದರು. 70ರಲ್ಲಿ, ಆಗಿನ್ನೂ ಸೇನಾಪತಿಯಾಗಿದ್ದ ಟೈಟಸ್ ಜೆರುಸಲೇಮನ್ನು ಹಿಡಿದ. ದೇವಾಲಯ ಸುಟ್ಟುಹೋಯಿತು. ಮರುವರ್ಷ ರೋಮಿನಲ್ಲಿ ವಿಜಯದ ಮೆರವಣಿಗೆ ನಡೆಯಿತು. ರೋಮನ್ನರ ವಿರುದ್ಧ ಹೋರಾಡಿ, ಸೋತು ಶರಣಾಗಿ, ಕೊನೆಗೆ ಅವರ ಆಶ್ರಯದಲ್ಲೇ ಬದುಕಿದ ಯಹೂದಿ ಇತಿಹಾಸಕಾರ ಜೋಸೆಫಸ್ ಆ ಮೆರವಣಿಗೆಯ ವಿವರ ಬರೆದಿಟ್ಟಿದ್ದಾನೆ. ಅದರಲ್ಲಿ ಬಂಗಾರದ ಈ ದೀಪವೂ ಇದೆ. ತನ್ನವರ ದೇವರ ದೀಪ ಶತ್ರುವಿನ ಊರಲ್ಲಿ ಮೆರವಣಿಗೆ ಹೋದದ್ದನ್ನು ಬರೆಯುವಾಗ ಅವನಿಗೆ ಏನನ್ನಿಸಿರಬಹುದು?

ಮೆರವಣಿಗೆ ಮುಗಿದ ಮೇಲೆ ಲೂಟಿಯನ್ನು ರೋಮಿನ ಶಾಂತಿ ದೇವತೆಯ ಗುಡಿಯಲ್ಲಿ ಇಟ್ಟರು. ಹೆಸರು ನೋಡಿ, ಶಾಂತಿ! 455ರಲ್ಲಿ ವ್ಯಾಂಡಲರು ರೋಮನ್ನೇ ಲೂಟಿ ಮಾಡಿದರು. ದೀಪ ಇಂದು ಎಲ್ಲೂ ಇಲ್ಲ. ಟೈಬರ್ ನದಿಯ ತಳದಲ್ಲಿದೆ, ವ್ಯಾಟಿಕನ್‌ನ ನೆಲಮಾಳಿಗೆಯಲ್ಲಿದೆ ಅನ್ನುವ ಕಥೆಗಳು ಮಾತ್ರ ಉಳಿದಿವೆ.

ಹೋದರೆ ಹೋಗಲಿ, ಇನ್ನೊಂದು ಮಾಡಿಸಿಕೊಳ್ಳಬಹುದಿತ್ತಲ್ಲ ಅನ್ನಿಸುತ್ತೆ. ಯಹೂದಿ ಧರ್ಮಶಾಸ್ತ್ರವಾದ ತಾಲ್ಮುಡ್ ಅದಕ್ಕೆ ಅಡ್ಡ ನಿಂತಿತು. ಐದು, ಆರು ಅಥವಾ ಎಂಟು ಕವಲಿನ ದೀಪ ಮಾಡಿಕೊಳ್ಳಿ, ದೇವಾಲಯದಲ್ಲಿದ್ದಂಥ ಏಳು ಕವಲಿನದು ಮಾತ್ರ ಬೇಡ ಅಂತ ಹೇಳಿತು. ದೀಪ ಮಾಡುವ ಹಾಗಿಲ್ಲ, ಆದರೆ ಅದರ ಚಿತ್ರ ಎಲ್ಲೆಲ್ಲೂ ಬಂತು. ಸಿನಗಾಗ್ ನೆಲದ ಮೊಸಾಯಿಕ್‌ನಲ್ಲಿ ಬಂತು, ಎಣ್ಣೆಹಣತೆಯ ಮೇಲೆ ಬಂತು, ಸಮಾಧಿಗಳ ಮೇಲೆ ಬಂತು. ಇದೇ ರೋಮಿನಲ್ಲಿ, ನೆಲದಡಿಯ ಯಹೂದಿ ಸಮಾಧಿ ಸುರಂಗಗಳ ಗೋಡೆಯ ಮೇಲೂ ಏಳು ಕವಲಿನ ದೀಪಗಳಿವೆ. ನೆಲದ ಮೇಲೆ ಗೆದ್ದವನು ಹೆಮ್ಮೆಯಿಂದ ಕೆತ್ತಿಸಿದ್ದು, ನೆಲದ ಕೆಳಗೆ ಸೋತವರು ತಮ್ಮ ಸತ್ತವರಿಗಾಗಿ ಬರೆದದ್ದು, ಎರಡೂ ಒಂದೇ ದೀಪ.

ಈ ಕಮಾನಿನ ಕೆಳಗೆ ಹಾದುಹೋಗಬಾರದು ಅನ್ನುವ ಸಂಪ್ರದಾಯ ರೋಮಿನ ಯಹೂದಿಗಳಲ್ಲಿ ಶತಮಾನಗಳಿಂದ ಇತ್ತು. 1947ರ ನವೆಂಬರ್ 29ರಂದು ಪ್ಯಾಲೆಸ್ಟೀನನ್ನು ವಿಭಜಿಸಿ ಒಂದು ಯಹೂದಿ ರಾಷ್ಟ್ರವೂ ಆಗಲಿ ಎಂದು ವಿಶ್ವಸಂಸ್ಥೆ ಮತ ಹಾಕಿತು. ಆಗ ಅವರು ಇಲ್ಲಿ ಸೇರಿದರು, ಮತ್ತು ಟೈಟಸ್‌ನ ಮೆರವಣಿಗೆ ಸಾಗಿದ್ದಕ್ಕೆ ಎದುರು ದಿಕ್ಕಿನಲ್ಲಿ ಕಮಾನನ್ನು ದಾಟಿದರು.

1949ರ ಫೆಬ್ರವರಿಯಲ್ಲಿ ಇಸ್ರೇಲ್ ತನ್ನ ಲಾಂಛನವನ್ನು ಆರಿಸಿಕೊಂಡಿತು. ಎರಡು ಆಲಿವ್ ಕೊಂಬೆಗಳ ನಡುವೆ ಮೆನೋರಾ. ಯಾವ ಮೆನೋರಾ? ಈ ಕಮಾನಿನ ಮೇಲಿರುವುದೇ. ರೋಮನ್ ಶಿಲ್ಪಿ ಕೆತ್ತಿದ ಎರಡು ಅಂತಸ್ತಿನ ಪೀಠವೂ ಅದರ ಜೊತೆಗೇ ಬಂತು. ದೇಶದ ಮುಖ್ಯ ರಬ್ಬಿ ಐಸಾಕ್ ಹೆರ್ಜೋಗ್ ಇದನ್ನು ವಿರೋಧಿಸಿದರು. ಕಮಾನಿನ ಪೀಠದ ಮೇಲೆ ಡ್ರ್ಯಾಗನ್‌ನಂಥ ಪ್ರಾಣಿಗಳಿವೆ, ಇಂಥದ್ದು ದೇವಾಲಯದಲ್ಲಿ ಇರೋಕೆ ಸಾಧ್ಯವೇ ಇಲ್ಲ ಅನ್ನೋದು ಅವರ ವಾದ. ಹಳೆಯ ಯಹೂದಿ ಚಿತ್ರಗಳಲ್ಲಿ ಈ ದೀಪಕ್ಕೆ ಸಾಮಾನ್ಯವಾಗಿ ಮೂರು ಕಾಲು ಇರುತ್ತದೆ, ಹೀಗಾಗಿ ಅವರ ಮಾತಿನಲ್ಲಿ ತೂಕ ಇತ್ತು. ಆದರೂ ಸರ್ಕಾರ ಕಮಾನಿನ ದೀಪವನ್ನೇ ಉಳಿಸಿಕೊಂಡಿತು. ಯಾವ ಕಲ್ಲಿನ ಮೇಲೆ ಅವಮಾನ ಮಾಡಿದ್ದರೋ ಆ ಕಲ್ಲಿನಿಂದಲೇ ದೀಪವನ್ನು ಮನೆಗೆ ತರೋಣ ಅನ್ನುವ ಹಟ ಅದು. ಆ ಹಟ ನನಗೆ ಅರ್ಥವಾಗುತ್ತೆ.

ಆದರೆ ಕಥೆಯನ್ನು ಇಲ್ಲಿಗೇ ಮುಗಿಸಿದರೆ ಅರ್ಧ ಮಾತ್ರ ಹೇಳಿದ ಹಾಗೆ. 1948ರ ಯುದ್ಧದ ಸುತ್ತಮುತ್ತ ಏಳು ಲಕ್ಷಕ್ಕೂ ಹೆಚ್ಚು ಪ್ಯಾಲೆಸ್ಟೀನಿಯರು ಮನೆಮಠ ಕಳೆದುಕೊಂಡರು. ಅವರಿಗೂ ಅವರ ಮಕ್ಕಳಿಗೂ ಈ ದೀಪ ಒಂದು ಸರ್ಕಾರದ ಮೊಹರು, ಅಷ್ಟೇ. ಸಮಾಧಿಯ ಕತ್ತಲಲ್ಲಿ ಯಾರೋ ಗೀರಿದ ಗೆರೆಗಳು ಅವರಿಗೆ ಅದರಲ್ಲಿ ಕಾಣೋದಿಲ್ಲ. ಕಾಣಬೇಕು ಅಂತ ಕೇಳುವ ಹಕ್ಕು ನಮಗೂ ಇಲ್ಲ. ಸೋತವರ ಕೈಯಲ್ಲಿ ನೆನಪಾಗಿದ್ದದ್ದು ರಾಷ್ಟ್ರದ ಕೈಗೆ ಬಂದಾಗ ಅಧಿಕಾರವೂ ಆಗುತ್ತದೆ.

ಹೊರಡುವ ಮುಂಚೆ ಫೋನಿನಲ್ಲಿ ಇಸ್ರೇಲಿನ ಲಾಂಛನ ತೆಗೆದು, ಕಮಾನಿನ ಪಕ್ಕಕ್ಕೆ ಹಿಡಿದು ಹೋಲಿಸಿದೆ. ಅದೇ ಬಾಗಿದ ಕವಲು, ಅದೇ ಪೀಠ. ಕಲ್ಲಿನ ಮೇಲೆ ಹೊತ್ತವರಲ್ಲಿ ಕೆಲವರ ಮುಖ ಸವೆದುಹೋಗಿದೆ. ದೀಪ ಮಾತ್ರ ದೂರದಿಂದಲೂ ಗುರುತು ಸಿಗುತ್ತೆ.