ಮಾಳಿಗೆ, ಪತ್ರಾ, ಸ್ಲ್ಯಾಬು: ಉಮದಿ ಸೀಮೆಯ ಮನೆಗೆಲಸದಲ್ಲಿ ಗುತ್ತಿಗೆಯ ಚರಿತ್ರೆ

ಇಂದಿನ ಕನ್ನಡ ಪತ್ರಿಕೆಗಳಲ್ಲಿ ‘ಸಂಚಕಾರ’ವೆಂದರೆ ಕುತ್ತು, ಅಪಾಯ. ಜೀವಕ್ಕೆ ಸಂಚಕಾರ, ಕುರ್ಚಿಗೆ ಸಂಚಕಾರ ಎಂಬ ಶೀರ್ಷಿಕೆಗಳನ್ನು ನಾವು ದಿನನಿತ್ಯ ಓದುತ್ತೇವೆ. ಆದರೆ ಉತ್ತರ ಕರ್ನಾಟಕದ ವ್ಯವಹಾರದ ಮಾತಿನಲ್ಲಿ ಸಂಚಕಾರವೆಂದರೆ ಒಪ್ಪಂದ ಗಟ್ಟಿಯಾಯಿತೆಂಬುದಕ್ಕೆ ಗುರುತಾಗಿ ಕೊಡುವ ಮುಂಗಡ ಹಣ. ಸಂಸ್ಕೃತದ ‘ಸತ್ಯಂಕಾರ’ದಿಂದ ಬಂದ ಈ ಶಬ್ದ ಮರಾಠಿಯಲ್ಲಿಯೂ ಅದೇ ಅರ್ಥದಲ್ಲಿ ಇದೆ, ‘ವಿಸಾರ’, ‘ಇಸಾರ’ ಎಂಬವು ಅದರ ಜೊತೆಯ ಮಾತುಗಳು. ಮಾತನ್ನು ಸತ್ಯವಾಗಿಸುವ ಹಣವು ಅಪಾಯದ ಹೆಸರಾಗಿ ಹೊರಳಿದ್ದಕ್ಕೆ ಭಾಷಾಶಾಸ್ತ್ರಜ್ಞರು ತಕ್ಕ ಕಾರಣ ಕೊಟ್ಟಾರು. ರೋಹಿಣಿ ಮಳೆಗೆ ಮುಂಚೆ ಗೌಂಡಿಯ ಕೈಗೆ ಮುಂಗಡವಿಟ್ಟು, ಅರ್ಧ ಇಳಿಸಿದ ಮಾಳಿಗೆಯ ಕೆಳಗೆ ಕುಳಿತು ಅವನ ಹಾದಿ ನೋಡಿದವರಿಗೆ ಆ ಕಾರಣದ ಅಗತ್ಯ ಬೀಳುವುದಿಲ್ಲ.

ಉಮದಿ ಇಂದು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆ, ಜತ್ತ ತಾಲ್ಲೂಕಿನ ಊರು. ಡಫಳೆ ಮನೆತನದ ಜತ್ತ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಮರುವರ್ಷ ಅದು ದಕ್ಷಿಣ ಸಾತಾರಾ ಜಿಲ್ಲೆಗೆ ಸೇರಿತು. ಆ ಜಿಲ್ಲೆಯೇ 1960ರಲ್ಲಿ ಸಾಂಗಲಿ ಎಂಬ ಹೆಸರು ಪಡೆಯಿತು. 1956ರಲ್ಲಿ ವಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಹೋದಾಗ, ಉಮದಿಯ ಭಾವೂಸಾಹೇಬ ಮಹಾರಾಜರು (1843–1914) ಮಠ ಕಟ್ಟಿದ ಇಂಚಗೇರಿ ಗಡಿಯ ಆಚೆಗೆ ಉಳಿಯಿತು, ಅವರ ಊರು ಈಚೆಗೆ ಉಳಿಯಿತು. ಈ ಗಡಿ ಶಾಲೆ, ನೀರು, ನೌಕರಿಗಳ ಮೇಲೆ ಮಾಡಿದ ಪರಿಣಾಮದ ಬಗ್ಗೆ ಸಾಕಷ್ಟು ಬರೆಯಲಾಗಿದೆ. ಮನೆಯ ಮೇಲ್ಛಾವಣಿಯ ಮೇಲೆ, ಅಂದರೆ ಅದನ್ನು ಕಟ್ಟಿಸುವ ಒಪ್ಪಂದದ ಭಾಷೆಯ ಮೇಲೆ, ಏನು ಮಾಡಿತೆಂಬುದನ್ನು ಯಾರೂ ದೊಡ್ಡ ಪ್ರಶ್ನೆಯಾಗಿ ನೋಡಿದಂತಿಲ್ಲ. ಒಂದು ಬಡ ಕುಟುಂಬ ತನ್ನ ಜೀವಮಾನದಲ್ಲಿ ಮಾಡುವ ಅತಿ ದೊಡ್ಡ ಒಪ್ಪಂದ ಬಹುಶಃ ಇದೇ ಎಂಬ ಕಾರಣಕ್ಕಾದರೂ ಈ ಪ್ರಶ್ನೆ ನಮ್ಮ ಅಧ್ಯಯನದೊಳಗೆ ಬರಬೇಕು.

ಮಳೆ ಕಡಮೆಯಾದ ಈ ಸೀಮೆಯ ಹಳೆಯ ಮನೆ ಮಣ್ಣಿನ ಮಾಳಿಗೆಯ ಮನೆ. ಕಲ್ಲು ಮತ್ತು ಕೆಸರಿನ ದಪ್ಪ ಗೋಡೆ, ಒಳಗೆ ಕಟ್ಟಿಗೆಯ ಕಂಬಗಳು, ಕಂಬಗಳ ಮೇಲೆ ತೊಲೆ, ತೊಲೆಯ ಮೇಲೆ ಅಡ್ಡಲಾಗಿ ಜಂತಿ. ಜಂತಿಯ ಮೇಲೆ ಸೀಳಿದ ಕಟ್ಟಿಗೆ ಅಥವಾ ತೊಗರಿಕಟ್ಟಿಗೆ ಹಾಸಿ, ಬೇವಿನ ಸೊಪ್ಪು ಹರಡಿ, ಕಲಸಿದ ಮಣ್ಣು ಬಡಿದು, ಎಲ್ಲದರ ಮೇಲೆ ಸವಳು ಮಣ್ಣು ಎಳೆಯುತ್ತಿದ್ದರು. ಹೊಲದಲ್ಲಿ ಶಾಪವಾದ ಸವಳು ಮಾಳಿಗೆಯ ಮೇಲೆ ವರವಾಗುತ್ತದೆ: ಅದರೊಳಗಿನ ಸೋಡಿಯಂ ಕಾರಣವಾಗಿ ಜೇಡಿಯ ಕಣಗಳು ನೀರು ತಾಗಿದೊಡನೆ ಬಿಡಿಬಿಡಿಯಾಗಿ ಹರಡಿ ಸಂದುಗಳನ್ನು ಮುಚ್ಚುತ್ತವೆ, ಮೊದಲ ಮಳೆಯೇ ಮಾಳಿಗೆಗೆ ಮುಚ್ಚಳ ಹಾಕುತ್ತದೆ. ಅಂಚಿಗೆ ಕುಂಬಿ, ನೀರು ಹೊರಹೋಗಲು ದೋಣಿ, ನಡುವೆ ಬೆಳಕಿಂಡಿ. ಬೇಸಿಗೆಯಲ್ಲಿ ಒಳಗೆ ತಂಪು, ರಾತ್ರಿ ಮೇಲೆ ಹಾಸಿಗೆ, ಸುಗ್ಗಿಯಲ್ಲಿ ಶೇಂಗಾ ಮೆಣಸಿನಕಾಯಿ ಒಣಗಿಸುವ ಅಂಗಳ. ಮರಾಠಿಯವರು ಇದನ್ನು ‘ಮಾಳವದ’ ಎನ್ನುತ್ತಾರೆ, ಕೆಲವೆಡೆ ‘ಧಾಬೆ’. ಶಿಷ್ಟ ಕನ್ನಡದಲ್ಲಿ ಮಾಳಿಗೆಯೆಂದರೆ ಮಹಡಿ. ಈ ಸೀಮೆಯಲ್ಲಿ ‘ಮಾಳಗಿ’ ಎಂದರೆ ಸೂರೇ. ಬೆಂಗಳೂರಿನಿಂದ ಬಂದ ಓದುಗರು ‘ಮಾಳಗಿ ಸೋರಾಕತ್ತದ’ ಎಂಬ ಮಾತು ಕೇಳಿ, ಮೇಲಂತಸ್ತಿನ ಮನೆಯೆಂದು ತಿಳಿದರೆ ತಪ್ಪು ಅವರದಲ್ಲ.

ಈ ಮಾಳಿಗೆಗೆ ಒಂದು ಗುಣವಿದೆ. ಅದು ಎಂದಿಗೂ ಮುಗಿದ ಕೆಲಸವಲ್ಲ. ವರ್ಷವರ್ಷವೂ ಮೃಗಶಿರಕ್ಕೆ ಮುಂಚೆ ಹುಲ್ಲು ಕಿತ್ತು, ಬಿರುಕು ನೋಡಿ, ಒಂದೆರಡು ಬಂಡಿ ಸವಳು ಏರಿಸಬೇಕು. ಆ ಕೆಲಸ ಮನೆಯವರದು, ನೆರೆಯವರದು. ಅದಕ್ಕೆ ಗೌಂಡಿ ಬೇಡ, ಊಟ ಸಾಕು. ಆದ್ದರಿಂದಲೇ ಹಳೆಯ ಹಳ್ಳಿಯಲ್ಲಿ ಗುತ್ತಿಗೆಯೇ ಇರಲಿಲ್ಲ, ಎಲ್ಲವೂ ಆಯದ ಕಾಳಿನಲ್ಲಿ ನಡೆಯುತ್ತಿತ್ತು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಇದು ಅರ್ಧ ಸತ್ಯ. ಆಯಗಾರರ, ಮರಾಠಿಯ ಬಲುತೇದಾರರ, ಕಟ್ಟಳೆ ಮುಖ್ಯವಾಗಿ ಒಕ್ಕಲುತನದ ಉಪಕರಣಗಳಿಗೆ ಸಂಬಂಧಿಸಿದ್ದು. ಬಡಿಗೇರ ನೇಗಿಲು, ಕುಂಟೆ, ಕೂರಿಗೆ ಸರಿಮಾಡಿದರೆ ಕಣದಲ್ಲಿ ಅವನ ಪಾಲು ಉಂಟು. ಹೊಸ ಮನೆಯ ಚೌಕಟ್ಟು, ತೊಲೆ, ಕೆತ್ತನೆಯ ಕಂಬಗಳು ಆ ಪಾಲಿನೊಳಗೆ ಬರುತ್ತಿರಲಿಲ್ಲ. ಅದಕ್ಕೆ ಬೇರೆ ಮಾತು, ಬೇರೆ ಕೂಲಿ. ತ್ರಿಂಬಕ ನಾರಾಯಣ ಆತ್ರೆಯವರ ‘ಗಾವಗಾಡಾ’ (1915) ಗ್ರಾಮದ ಈ ದೇಣಿಗೆಯ ಲೆಕ್ಕಾಚಾರವನ್ನು ಭಾವುಕತೆಯಿಲ್ಲದೆ ನೋಡಿದ ಮರಾಠಿ ಗ್ರಂಥ. ಕನ್ನಡದಲ್ಲಿ ಗ್ರಾಮಜೀವನವನ್ನು ಕುರಿತು ಬರೆಯುವವರು ಅದನ್ನು ಇನ್ನಷ್ಟು ಓದಬೇಕು. ಮನೆ ಕಟ್ಟಿಸುವವನೂ ಕಟ್ಟುವವನೂ ದರ ಕುದುರಿಸುವುದು ಹೊಸತಲ್ಲ. ಹೊಸತಾದದ್ದು ಬೇರೆ: ಸೂರಿನ ವಾರ್ಷಿಕ ಕಾಳಜಿ ಮನೆಯವರ ಕೈತಪ್ಪಿ ಒಮ್ಮೆಗೇ ಮುಗಿಯುವ ಗುತ್ತಿಗೆಯಾದದ್ದು.

ಕಟ್ಟಿದವನ ಹೆಸರನ್ನು ಬರೆದಿಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲವೆಂದೇನೂ ಅಲ್ಲ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಎಂಟನೆಯ ಶತಮಾನದ ಶಾಸನಗಳು ಗುಂಡ ಅನಿವಾರಿತಾಚಾರಿ, ಸರ್ವಸಿದ್ಧಿ ಆಚಾರಿ ಎಂಬ ಸೂತ್ರಧಾರಿಗಳನ್ನು ಬಿರುದು ಸಹಿತ ಹೆಸರಿಸುತ್ತವೆ. ರಾಣಿಯ ಗುಡಿಗೆ ಸಿಕ್ಕ ಆ ಭಾಗ್ಯ ರೈತನ ಮಾಳಿಗೆಗೆ ಸಿಗಲಿಲ್ಲ, ಅಷ್ಟೆ.

ಗುತ್ತಿಗೆಯ ಶಬ್ದಭಂಡಾರ ಎರಡೂ ಭಾಷೆ ಬಲ್ಲವರಿಗೆ ಸ್ವಾರಸ್ಯದ್ದು. ಕಿಟ್ಟೆಲ್ ಕೋಶದಲ್ಲಿ (1894) ‘ಗುತ್ತಿಗೆ’ ಇದೆ. ಮರಾಠವಾಡಾದ ಮರಾಠಿಯಲ್ಲಿ ಅದರ ಬಂಧು ‘ಗುತ್ತಾ’, ‘ಗುತ್ತೇದಾರ’ ಇಂದಿಗೂ ಚಲಾವಣೆಯಲ್ಲಿವೆ. ಕಲಬುರಗಿಯ ಕಡೆ ಅದು ಮನೆತನದ ಹೆಸರೂ ಆಗಿದೆ. ಅರಬೀ ಮೂಲದ ‘ಮಕ್ತಾ’, ಹಿಂದಿಯ ‘ಠೇಕಾ’, ಪೋರ್ತುಗೀಜದಿಂದ ಬಂದ ‘ಕಂತ್ರಾಟ’ ಇವೆಲ್ಲ ಮರಾಠಿಯಲ್ಲಿ ಒಂದರ ಪಕ್ಕ ಒಂದು ಬದುಕಿವೆ. ದಿನಗೂಲಿಯ ‘ಪಗಾರ’ವೂ ಪೋರ್ತುಗೀಜದ್ದೇ. ಒಟ್ಟು ಮೊತ್ತಕ್ಕೆ ಕೆಲಸ ಒಪ್ಪಿಸುವುದಕ್ಕೆ ಮರಾಠಿಯಲ್ಲಿ ‘ಉಕ್ತೆ’ ಎನ್ನುತ್ತಾರೆ. ನಮ್ಮಲ್ಲಿ ‘ಗುತ್ತಾ ಹಿಡಿಯೂದು’. ಕೆಲಸದ ಮೈದಾನದ ಮಾತುಗಳಂತೂ ಗಡಿಯನ್ನು ಲೆಕ್ಕಿಸಿದ್ದೇ ಇಲ್ಲ: ಮರಾಠಿಯ ‘ಗವಂಡಿ’ ಕನ್ನಡದ ‘ಗೌಂಡಿ’, ಅಲ್ಲಿಯ ‘ಸಳಈ’ ಇಲ್ಲಿಯ ‘ಸಳಿ’, ‘ಪಾಯಾ’ ಇಲ್ಲಿಯ ಪಾಯ, ‘ಪತ್ರಾ’ ಇಲ್ಲಿಯ ‘ಪತ್ರಾಸ’. ಚಡಚಣ, ಇಂಡಿಗಳ ಕಡೆಯ ಗೌಂಡಿ ಉಮದಿಗೆ ಬಂದರೆ ರಾಜ್ಯ ದಾಟಿದಂತೆ ಅವನಿಗೂ ಅನ್ನಿಸುವುದಿಲ್ಲ, ಕರೆಸಿದವರಿಗೂ ಅನ್ನಿಸುವುದಿಲ್ಲ.

ಹಾಗಾದರೆ ಮನೆಯವರ ಕೈಯಿಂದ ಸೂರು ತಪ್ಪಿದ್ದು ಯಾವಾಗ? ಇದಕ್ಕೆ ಒಂದೇ ಇಸವಿ ಹೇಳಲಾಗದು. ಮೊದಲನೆಯದು ಸಾಮಗ್ರಿಯ ಕಥೆ. ಸವಳು ಊರ ಬದಿಗೇ ಸಿಗುತ್ತಿತ್ತು, ಸಿಮೆಂಟು ಸಿಗುತ್ತಿರಲಿಲ್ಲ. ಅದರ ಹಂಚಿಕೆ ಸರಕಾರದ ಹಿಡಿತದಲ್ಲಿದ್ದ ಕಾಲದಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿ ಎ. ಆರ್. ಅಂತುಳೆಯವರೇ ಸಿಮೆಂಟು ಹಂಚಿಕೆಯ ಪ್ರಕರಣದಲ್ಲಿ ಉಚ್ಚ ನ್ಯಾಯಾಲಯದ ತೀರ್ಪಿನ ನಂತರ 1982ರ ಜನವರಿಯಲ್ಲಿ ರಾಜೀನಾಮೆ ಕೊಡಬೇಕಾಯಿತು. ಅದೇ ವರ್ಷ ನಿಯಂತ್ರಣ ಭಾಗಶಃ ಸಡಿಲವಾಗಿ, 1989ರಲ್ಲಿ ಪೂರ್ತಿ ತೆಗೆಯಲಾಯಿತು. ಚೀಲಕ್ಕಾಗಿ ಅರ್ಜಿ ಹಿಡಿದು ತಿರುಗುವ ಕಾಲದಲ್ಲಿ, ಕರಣಿ ಹಿಡಿಯಬಲ್ಲವನಿಗಿಂತ ಚೀಲ ತರಬಲ್ಲವನು ದೊಡ್ಡವನಾದನು. ಹಳ್ಳಿಯ ‘ಕಂಟ್ರ್ಯಾಕ್ಟರ’ ಎಂಬ ವ್ಯಕ್ತಿ ಹುಟ್ಟಿದ್ದರಲ್ಲಿ ಕೌಶಲದಷ್ಟೇ ಈ ಓಡಾಟಕ್ಕೂ ಪಾಲಿದೆ ಎಂದು ನನ್ನ ಅಭಿಪ್ರಾಯ.

ಎರಡನೆಯದು ಭಯದ ಕಥೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ವಿಸರ್ಜನೆ ಮುಗಿಸಿ ಜನ ಮಲಗಿದ್ದಾಗ, ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತ ಭೂಮಿ ನಡುಗಿತು. ಸತ್ತವರ ಸಂಖ್ಯೆ ಹತ್ತು ಸಾವಿರದ ಸಮೀಪ. ಅಲ್ಲಿಯ ಮನೆಗಳೂ ನಮ್ಮವೇ: ಕಲ್ಲು–ಕೆಸರಿನ ಗೋಡೆ, ಮಣ್ಣಿನ ಮಾಳಿಗೆ. ವರ್ಷವರ್ಷ ಸವಳು ಏರಿಸುತ್ತ ಹೋದದ್ದರಿಂದ ಮಾಳಿಗೆಗಳ ದಪ್ಪ 30ರಿಂದ 80 ಸೆಂಟಿಮೀಟರಿನಷ್ಟಾಗಿತ್ತು. ಅರ್ಧ ಮೀಟರು ಮಣ್ಣೆಂದರೆ ಒಂದು ಚದರ ಮೀಟರಿಗೆ ಸುಮಾರು 800 ಕಿಲೋ ತೂಕ. ಇಂದಿನ ಸಾಮಾನ್ಯ ಕಾಂಕ್ರೀಟು ಸ್ಲ್ಯಾಬು ಅದರ ಮೂರನೆಯ ಒಂದರಷ್ಟು ತೂಗುತ್ತದೆ. ಅಜ್ಜ, ಅಪ್ಪ, ಮಗ ಮೂರು ತಲೆಮಾರು ಮನೆ ಕಾಯಲೆಂದು ಹೊತ್ತುಹಾಕಿದ ಮಣ್ಣೇ ಮಲಗಿದವರ ಮೇಲೆ ಬಿತ್ತು. ಮಾಳಿಗೆಯ ತಂಪನ್ನು ಹೊಗಳುವ ನಮ್ಮಂಥವರು ಈ ತೂಕವನ್ನು ಮರೆಯಬಾರದು. ವಿಶ್ವಬ್ಯಾಂಕಿನ ನೆರವಿನ ಪುನರ್ವಸತಿಯಲ್ಲಿ ಪೂರ್ತಿ ನೆಲಸಮವಾದ ಹಳ್ಳಿಗಳನ್ನು ಬೇರೆ ಜಾಗದಲ್ಲಿ ದೊಡ್ಡ ಗುತ್ತಿಗೆದಾರರಿಂದ ಕಟ್ಟಿಸಲಾಯಿತು. ದುರಸ್ತಿ ಮತ್ತು ಬಲವರ್ಧನೆಯ ಕಾರ್ಯಕ್ರಮದಲ್ಲಿ, 13 ಜಿಲ್ಲೆಗಳಲ್ಲಿ, ಹಣ ಮನೆಯವರ ಕೈಗೇ ಬಂದು ಗೌಂಡಿಯನ್ನು ಗೊತ್ತುಮಾಡುವ ಹೊಣೆಯೂ ಅವರದೇ ಆಯಿತು. ಸೂರಿನ ಕೆಲಸವನ್ನು ಯಾರಿಗೆ, ಹೇಗೆ ಒಪ್ಪಿಸಬೇಕು ಎಂಬುದು ಮಹಾರಾಷ್ಟ್ರದ ಹಳ್ಳಿಗಳಲ್ಲಿ ಸಾರ್ವಜನಿಕ ಪ್ರಶ್ನೆಯಾದದ್ದು ಆಗಲೇ.

ಹಣ ಎಲ್ಲಿಂದ ಬರುತ್ತದೆ ಎಂಬುದೂ ಒಪ್ಪಂದದ ಸ್ವರೂಪವನ್ನು ತೀರ್ಮಾನಿಸುತ್ತದೆ. ಜತ್ತ ತಾಲ್ಲೂಕಿನಿಂದ ಅನೇಕ ಕುಟುಂಬಗಳು ಕಬ್ಬು ಕಡಿಯಲು ಹೋಗುತ್ತವೆ. ಮುಕಾದಮನು ಹಂಗಾಮಿಗೆ ಮುಂಚೆ ಕೊಡುವ ‘ಉಚಲ್’ ಎಂಬ ಮುಂಗಡವೇ ಮನೆಗೆ ಪತ್ರಾ ಹಾಕಿಸುವ ಬಂಡವಾಳವಾಗುವುದುಂಟು. ಹೀಗಾದಾಗ ಒಂದೇ ಹಣ ಎರಡು ಒಪ್ಪಂದಗಳಿಗೆ ಕಟ್ಟುಬಿದ್ದಿರುತ್ತದೆ: ಕುಟುಂಬ ಮುಕಾದಮನಿಗೆ, ಗೌಂಡಿ ಕುಟುಂಬಕ್ಕೆ. ಗೌಂಡಿ ಹದಿನೈದು ದಿನ ತಡಮಾಡಿದರೆ ದೀಪಾವಳಿಯ ಹೊತ್ತಿಗೆ ಮನೆಯವರು ಊರಲ್ಲಿರುವುದಿಲ್ಲ. ಮುದುಕರು ಮತ್ತು ಮಕ್ಕಳು ತೆರೆದ ಗೋಡೆಗಳ ನಡುವೆ ಉಳಿಯುತ್ತಾರೆ.

ಇನ್ನೊಂದು ಮೂಲ ಸರಕಾರದ ‘ಘರಕುಲ’. ಈ ಮರಾಠಿ ಶಬ್ದ ನಮ್ಮ ಕನ್ನಡದಲ್ಲಿಯೂ ಹಾಗೆಯೇ ನಿಂತಿದೆ. 1985ರ ಇಂದಿರಾ ಆವಾಸ್ ಯೋಜನೆ 2016ರಲ್ಲಿ ಪ್ರಧಾನಮಂತ್ರಿ ಆವಾಸ್ ಯೋಜನೆಯಾಗಿ (ಗ್ರಾಮೀಣ) ಮಾರ್ಪಟ್ಟಿತು; ಆಗ ಬಯಲು ಪ್ರದೇಶಕ್ಕೆ ನಿಗದಿಯಾದ ನೆರವು 1,20,000 ರೂಪಾಯಿ, ಮನೆಯ ಕನಿಷ್ಠ ವಿಸ್ತೀರ್ಣ 25 ಚದರ ಮೀಟರು. ಎರಡೂ ಯೋಜನೆಗಳ ನಿಯಮಗಳಲ್ಲಿ ಒಂದು ಮಾತು ಸ್ಪಷ್ಟ: ಮನೆಯನ್ನು ಫಲಾನುಭವಿಯೇ ಕಟ್ಟಿಕೊಳ್ಳಬೇಕು, ಗುತ್ತಿಗೆದಾರನನ್ನು ತೊಡಗಿಸಬಾರದು. ಸಾರ್ವಜನಿಕ ಹಣ ಮಧ್ಯವರ್ತಿಯ ಪಾಲಾಗದಿರಲೆಂಬ ಉದ್ದೇಶ ಒಳ್ಳೆಯದೇ. ಆದರೆ ಸಳಿ ಕಟ್ಟುವುದು, ಸೆಂಟ್ರಿಂಗು ಏರಿಸುವುದು, ಒಂದೇ ದಿನದಲ್ಲಿ ಸ್ಲ್ಯಾಬು ಸುರಿಯುವುದು ಸವಳು ಹೊತ್ತಂತೆ ಮನೆಯವರ ಕೆಲಸವಲ್ಲ. ಊರಿನ ಗೌಂಡಿಗೆ ‘ಗುತ್ತಾ’ ಕೊಡಲೇಬೇಕು. ಕಾಗದದಲ್ಲಿ ಇರಬಾರದ ಗುತ್ತಿಗೆ ಕಾಗದದ ಹೊರಗೆ ನಡೆಯುತ್ತದೆ; ಹೊರಗೆ ನಡೆಯುವುದರಿಂದಲೇ ಅದಕ್ಕೆ ಕಾಗದವಿರುವುದಿಲ್ಲ.

ಬಾಯಿಮಾತಿನ ಒಪ್ಪಂದಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲವೆಂಬುದು ತಪ್ಪು ತಿಳಿವಳಿಕೆ. 1872ರ ಭಾರತೀಯ ಕರಾರು ಕಾಯ್ದೆ ಅದನ್ನು ಒಪ್ಪುತ್ತದೆ. ಗ್ರಾಹಕ ಸಂರಕ್ಷಣಾ ಕಾಯ್ದೆಯ ‘ಸೇವೆ’ಯ ವ್ಯಾಖ್ಯೆಗೆ ಮನೆ ಕಟ್ಟುವ ಕೆಲಸವೂ 1993ರ ತಿದ್ದುಪಡಿಯಿಂದ ಸೇರಿದೆ. ತೊಡಕು ಸಾಕ್ಷ್ಯದ್ದು. ಮಾತು ಕನ್ನಡದಲ್ಲಿ ಆಗಿರುತ್ತದೆ, ಕಂತಿನ ಕಾಗದ ಮರಾಠಿಯಲ್ಲಿ ಇರುತ್ತದೆ, ಅಳತೆ ಇಂಗ್ಲಿಷಿನಲ್ಲಿ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಓದಿದವನು ತನ್ನ ಮನೆಯ ಕಂತಿನ ಅರ್ಜಿಯನ್ನು ಇನ್ನೊಬ್ಬರಿಂದ ಬರೆಯಿಸುತ್ತಾನೆ; ಹಾಗೆ ಬರೆದುಕೊಡುವವನು ಎಷ್ಟೋ ಸಲ ಕೆಲಸ ಹಿಡಿದವನೇ. ಶೇಕಡಾ 15ಕ್ಕಿಂತ ಹೆಚ್ಚು ಜನ ಆಡುವ ಭಾಷೆಯಲ್ಲಿ ಮುಖ್ಯ ನಿಯಮಗಳನ್ನೂ ಪ್ರಕಟಣೆಗಳನ್ನೂ ಕೊಡಬೇಕೆಂಬ ಭಾಷಾ ಅಲ್ಪಸಂಖ್ಯಾತರ ರಕ್ಷಣೆಯನ್ನು ನಾವು ಶಾಲೆ, ನಾಮಫಲಕಗಳಿಗಾಗಿ ಮತ್ತೆ ಮತ್ತೆ ಉಲ್ಲೇಖಿಸುತ್ತೇವೆ. ಘರಕುಲದ ನಿಯಮಪತ್ರಕ್ಕಾಗಿ ಅದನ್ನು ಉಲ್ಲೇಖಿಸುವುದು ನಮ್ಮ ನೆನಪಿಗೆ ಬರುವುದಿಲ್ಲ.

ನಮ್ಮ ಮನೆಯ ಮಾಳಿಗೆ ಇಳಿಸಿದಾಗಿನ ಮಾತು ಹೇಳಿ ಮುಗಿಸುತ್ತೇನೆ. ಜಗಳ ಎರಡು ಶಬ್ದಗಳಿಂದ ಬಂತು. ಮೊದಲನೆಯದು ‘ಬ್ರಾಸ್’. ಉಸುಕು, ಮಣ್ಣಿನ ಲೆಕ್ಕದಲ್ಲಿ ಅದು ನೂರು ಘನ ಅಡಿ. ನೆಲದ ಲೆಕ್ಕದಲ್ಲಿ ನೂರು ಚದರ ಅಡಿ. ಹಳೆಯ ಮಣ್ಣು ಇಳಿಸಿ ಸಾಗಿಸಲು ಬ್ರಾಸಿಗೆ ಇಷ್ಟು ಎಂದು ತಂದೆ ಒಪ್ಪಿದ್ದರು. ಅವರು ಮಾಳಿಗೆಯ ಹರವನ್ನು ಎಣಿಸಿದ್ದರು, ಗೌಂಡಿ ಮಣ್ಣಿನ ಗಾತ್ರವನ್ನು. ಎರಡನೆಯದು ‘ಹಳೇದೆಲ್ಲಾ ತಗದ ಒಯ್ಯೂದು’ ಎಂಬ ಮಾತು. ಮಣ್ಣು, ಕಸ ಎಂದು ನಾವು ತಿಳಿದಿದ್ದೆವು. ಸಾಗವಾನಿಯ ತೊಲೆ ಜಂತಿಗಳೂ ಅದರಲ್ಲಿ ಬಂದವೆಂದು ಅವನು ತಿಳಿದಿದ್ದ, ಕೂಲಿಯನ್ನು ಆ ಲೆಕ್ಕದಲ್ಲಿಯೇ ಇಳಿಸಿದ್ದ. ಅವನು ಮೋಸಗಾರನಾಗಿರಲಿಲ್ಲ. ‘ಕಾಕಾ, ನೀವ ಹೇಳಿದ್ದು ಹಂಗ ಅಲ್ಲೇನ್ರಿ’ ಎಂದು ಅವನು ಕೇಳಿದಾಗ ತಂದೆಯವರ ಬಳಿ ಉತ್ತರವಿರಲಿಲ್ಲ. ಮೂರು ದಿನ ಕೆಲಸ ನಿಂತಿತು. ಕೊನೆಗೆ ನೆರೆಯ ಹಿರಿಯರೊಬ್ಬರು ಕುಳಿತು ತೊಲೆಗಳು ಮನೆಗೆ, ಜಂತಿಗಳು ಗೌಂಡಿಗೆ ಎಂದು ಹಂಚಿದರು. ಹಾಲಿನ ಡೇರಿಯ ಚೀಟಿಯ ಹಿಂಬದಿಗೆ ಅದನ್ನು ಕನ್ನಡದಲ್ಲಿ ಬರೆದು ಇಬ್ಬರ ಕೈಯಿಂದ ಸಹಿ ಮಾಡಿಸಿದರು. ತೊಲೆಗಳಲ್ಲಿ ಒಂದು ಈಗ ನಮ್ಮ ಪಡಸಾಲೆಯ ಬಾಗಿಲಿನ ಚೌಕಟ್ಟಾಗಿದೆ. ಚೀಟಿ ತಂದೆಯವರ ಟ್ರಂಕಿನಲ್ಲಿ, ಜಮೀನಿನ ಉತಾರಗಳ ಜೊತೆಗೆ ಇದೆ. ಆ ಕಟ್ಟಿನಲ್ಲಿ ಕನ್ನಡದ ಕಾಗದ ಅದೊಂದೇ.