ಬಂಗಾಳದ ಕಜ್ಜಾಯ



ಅಕ್ಕಿ, ಬೆಲ್ಲದ ಕಜ್ಜಾಯ ನಿಮಗೆಲ್ಲ ಗೊತ್ತು. ನೆರೆಯ ತೆಲುಗರು ಅದನ್ನು ಅರಿಸೆಲು ಎನ್ನುತ್ತಾರೆ, ತಮಿಳರು ಅದಿರಸಂ ಎನ್ನುತ್ತಾರೆ, ಮರಾಠಿಗರು ಅನಾರಸೆ ಎನ್ನುತ್ತಾರೆ. ಇದಕ್ಕೆ ಬಂಗಾಳದಲ್ಲೂ ಒಂದು ನಂಟಿದೆ. ಅದರ ಹೆಸರು ತೇಲೇರ್ ಪಿಠಾ, ಅಂದರೆ ಎಣ್ಣೆಯ ಪಿಠಾ. ಪಿಠಾ ಎಂಬ ಮಾತು ಸಂಸ್ಕೃತದ ಪಿಷ್ಟಕದಿಂದ ಬಂದದ್ದು. ಪಿಷ್ಟ ಎಂದರೆ ಹಿಟ್ಟು.

ನಾವು ಪಾಕ ಹಿಡಿದು, ಹಿಟ್ಟು ಕಲಸಿ, ಎಲೆಯ ಮೇಲೆ ತಟ್ಟುತ್ತೇವೆ. ಅವರು ತಟ್ಟುವುದಿಲ್ಲ. ಅಕ್ಕಿಹಿಟ್ಟಿಗೆ ಕರಗಿಸಿದ ಬೆಲ್ಲ ಬೆರೆಸಿ, ದೋಸೆ ಹಿಟ್ಟಿನ ಹದಕ್ಕೆ ತಂದು, ಸ್ವಲ್ಪ ಹೊತ್ತು ನೆನೆಯಲು ಬಿಟ್ಟು, ಕಾದ ಎಣ್ಣೆಗೆ ಒಂದೊಂದೇ ಸೌಟು ಹುಯ್ಯುತ್ತಾರೆ. ಅದು ತಳದಿಂದ ಮೇಲೆದ್ದು ಪೂರಿಯಂತೆ ಉಬ್ಬಬೇಕು. ಆ ಬೆಲ್ಲ ಯಾವುದು ಗೊತ್ತೇ? ನಮ್ಮಲ್ಲಿ ಹೆಂಡಕ್ಕೆ ಹೆಸರಾದ ಈಚಲು ಮರದ ರಸದ್ದು! ಚಳಿಗಾಲದಲ್ಲಿ ಮರ ಕೆತ್ತಿ, ರಾತ್ರಿ ಮಡಕೆ ಕಟ್ಟಿ, ಬೆಳಗಿನ ಜಾವ ಇಳಿಸಿ ಕಾಯಿಸುತ್ತಾರೆ. ಅದೇ ಹೊತ್ತಿಗೆ ಆಮನ್ ಭತ್ತದ ಕೊಯ್ಲು ಮುಗಿದಿರುತ್ತದೆ. ಹೊಸ ಅಕ್ಕಿ, ಹೊಸ ಬೆಲ್ಲ ಎರಡೂ ಕೂಡಿದಾಗ ಸಂಕ್ರಾಂತಿಯ ಪಿಠಾ.

ಇಂಥ ನಾಡಿಗೆ 1943ರಲ್ಲಿ ಘೋರ ಕ್ಷಾಮ ಬಂತು. ಯುದ್ಧದಿಂದ ಬರ್ಮಾದ ಅಕ್ಕಿ ನಿಂತಿತ್ತು, 1942ರ ಅಕ್ಟೋಬರಿನ ಚಂಡಮಾರುತ ಮೇದಿನೀಪುರದ ಪೈರು ಕೆಡಿಸಿತ್ತು, ಬೆಲೆ ಕೂಲಿಯವನ ಕೈಗೆ ಸಿಗದಷ್ಟು ಏರಿತು. ಸತ್ತವರು 20ರಿಂದ 30 ಲಕ್ಷ ಎಂದು ಹಲವು ವಿದ್ವಾಂಸರ ಅಂದಾಜು. ವರ್ಷದ ಕೊನೆಗೆ ಆಮನ್ ಬೆಳೆ ಹುಲುಸಾಗಿಯೇ ಬಂತು. ಆದರೆ ಎಷ್ಟೋ ಮನೆಗಳಲ್ಲಿ ಹಿಟ್ಟು ಕುಟ್ಟುವವರೂ ಇರಲಿಲ್ಲ, ತಿನ್ನುವವರೂ ಇರಲಿಲ್ಲ. ಬಿಜನ್ ಭಟ್ಟಾಚಾರ್ಯರು ಈ ಕ್ಷಾಮದ ಮೇಲೆ ಬರೆದ ನಾಟಕ 1944ರಲ್ಲಿ ರಂಗಕ್ಕೆ ಬಂತು. ಅದರ ಹೆಸರು 'ನಬಾನ್ನ', ಎಂದರೆ ಹೊಸ ಅನ್ನ, ಸುಗ್ಗಿಯ ಹಬ್ಬದ್ದೇ ಹೆಸರು.

ಗಾಯ ಮಾಯುವ ಮೊದಲೇ 1947ರ ಆಗಸ್ಟ್ 17ರಂದು ರ‍್ಯಾಡ್‌ಕ್ಲಿಫ್ ಗೆರೆ ಪ್ರಕಟವಾಯಿತು. ಈಚಲು ಬೆಲ್ಲಕ್ಕೆ ಹೆಸರಾದ ಜೆಸ್ಸೋರ್ ಜಿಲ್ಲೆಯ ಹೆಚ್ಚು ಭಾಗ ಪೂರ್ವ ಪಾಕಿಸ್ತಾನಕ್ಕೆ ಹೋಯಿತು, ಬನಗಾಂವ್ ಭಾರತದಲ್ಲಿ ಉಳಿಯಿತು. 1971ರಲ್ಲಿ ಆಚೆ ಕಡೆ ಬಾಂಗ್ಲಾದೇಶವಾಯಿತು. ಮನೆ ಬಿಟ್ಟು ಬಂದವರು ಹೊಲ ತರಲಾಗಲಿಲ್ಲ, ಮರ ತರಲಾಗಲಿಲ್ಲ. ಪಿಠಾ ಮಾಡುವ ಕೈಹದ ಮಾತ್ರ ಜೊತೆಯಲ್ಲಿ ಬಂತು. ಇಂದಿಗೂ ಚಳಿಗಾಲದಲ್ಲಿ ಎರಡೂ ಕಡೆ ಅದೇ ಪಿಠಾ ಬೇಯುತ್ತದೆ, ಹಿಂದೂಗಳ ಮನೆಯಲ್ಲೂ ಮುಸಲ್ಮಾನರ ಮನೆಯಲ್ಲೂ.

ಈಗ ಕಾಲಿನಿಂದ ತುಳಿದು ಕುಟ್ಟುವ ಢೇಂಕಿಯ ಜಾಗಕ್ಕೆ ಗಿರಣಿ ಬಂದಿದೆ, ಈಚಲು ರಸ ಇಳಿಸುವವರು ಕಡಿಮೆಯಾಗಿದ್ದಾರೆ.

1956ರಲ್ಲಿ ರಾಜ್ಯಗಳು ಮರುವಿಂಗಡಣೆಯಾದಾಗ ಗಡಿಯಾಚೆ ಉಳಿದವರು ನಾವು. ನಮಗೆ ಬಂಗಾಳದವರಷ್ಟು ಕಷ್ಟ ಬರಲಿಲ್ಲ, ನಿಜ. ಆದರೂ ನಮ್ಮ ಮಕ್ಕಳು ಕಜ್ಜಾಯ ತಿನ್ನುತ್ತಾರೆ, ಅದರ ಕನ್ನಡದ ಹೆಸರು ಮರೆಯುತ್ತಿದ್ದಾರೆ. ಬರುವ ಹಬ್ಬಕ್ಕೆ ಮನೆಯ ಹಿರಿಯರನ್ನು ಕೂರಿಸಿಕೊಂಡು ಅಕ್ಕಿ ಎಷ್ಟು, ಬೆಲ್ಲ ಎಷ್ಟು, ಪಾಕದ ಹದ ಯಾವುದು ಎಂದು ಕೇಳಿ ಕನ್ನಡದಲ್ಲೇ ಬರೆದಿಡಿ.